ಕಾಗದದ ಮನೆ, ಬದುಕುವ ಮನೆ



ಆಶಯ ಭಾಷಣಕ್ಕೆ ಬರುವವರು ದೊಡ್ಡ ಆಶಯ ಹೊತ್ತು ತರಬೇಕು ಎಂಬ ನಿರೀಕ್ಷೆ ಇರುತ್ತದೆ. ನಾನು ತಂದಿರುವುದು ಅಳತೆಯ ಟೇಪು, ಮೂವತ್ತು ವರ್ಷದ ಮಸಿ ಮತ್ತು ಕೆಸರು. ವಿಮಾ ಸರ್ವೇಯರನ ಕಸುಬು ಇಷ್ಟೇ: ಮನೆ ಸುಟ್ಟ ಮೇಲೆ, ಬಿದ್ದ ಮೇಲೆ, ನೀರು ಇಳಿದ ಮೇಲೆ ಹೋಗುವುದು, ಅಳೆಯುವುದು, ಬರೆಯುವುದು. ನೆಟ್ಟಗಿರುವ ಮನೆಗೆ ನನ್ನನ್ನು ಯಾರೂ ಕರೆದದ್ದಿಲ್ಲ. ಗೃಹಪ್ರವೇಶದ ಊಟವಂತೂ ನನ್ನ ಪಾಲಿಗೆ ಬಂದದ್ದು ಕಡಿಮೆ.

ಹೋದಾಗ ಕೈಯಲ್ಲಿ ಪಾಲಿಸಿಯ ಪ್ರತಿ ಇರುತ್ತದೆ. ಕಣ್ಣೆದುರಿಗೆ ಮನೆ ಇರುತ್ತದೆ, ಇಲ್ಲವೇ ಮನೆ ಇದ್ದ ಜಾಗ. ಇವೆರಡೂ ತಾಳೆಯಾದ ಪ್ರಸಂಗಗಳನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಕಾಗದದಲ್ಲಿ ಒಂದು ಮನೆ, ಜನ ಬದುಕುತ್ತಿದ್ದದ್ದು ಇನ್ನೊಂದರಲ್ಲಿ. ಅನಾಹುತ ಹುಟ್ಟುವುದು ಅವೆರಡರ ನಡುವಿನ ಸಂದಿಯಲ್ಲಿ, ಪರಿಹಾರದ ಹಣ ಸಿಕ್ಕಿಹಾಕಿಕೊಳ್ಳುವುದೂ ಅದೇ ಸಂದಿಯಲ್ಲಿ. ಈ ವಿಚಾರ ಸಂಕಿರಣದ ಇಂದಿನ ಕಾರ್ಯಕ್ರಮ ಪಟ್ಟಿಯಲ್ಲಿ ಬೆಳಗಿನ ಗೋಷ್ಠಿ ‘ಸುರಕ್ಷತೆ’, ಮಧ್ಯಾಹ್ನದ್ದು ‘ವಿಮೆ’. ಊಟದ ವ್ಯವಸ್ಥೆಗೆ ಅದು ಸರಿ. ಆದರೆ ಎರಡೂ ಗೋಷ್ಠಿಗಳಲ್ಲಿ ಕೇಳಬೇಕಾದದ್ದು ಒಂದೇ ಪ್ರಶ್ನೆ: ನಿಮ್ಮ ಮನೆ ಈಗ ಹೇಗಿದೆ ಎಂಬುದು ಎಲ್ಲಾದರೂ ಬರೆದಿದೆಯೇ?

ಮಲೆನಾಡಿನ ಒಂದು ಊರಿನಲ್ಲಿ ಹಳೆಯ ಹೆಂಚಿನ ಮನೆ. ಪಾಲಿಸಿಯಲ್ಲಿ ‘ವಾಸದ ಮನೆ’ ಎಂದಿತ್ತು. ಹೋಗಿ ನೋಡಿದರೆ ಜಗಲಿಗೆ ಗೋಡೆ ಎಬ್ಬಿಸಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಅಟ್ಟದ ತುಂಬ ಒಣ ಸೋಗೆ, ಖಾಲಿ ಗೋಣಿಚೀಲ. ಮೋಟಾರಿನ ಕಿಡಿ ಹಿಟ್ಟಿನ ಧೂಳು ಹಿಡಿದು ಮೇಲೇರಿತ್ತು. ಯಜಮಾನರು, “ಸಾರ್, ಗಿರಣಿ ಇದ್ದರೇನಂತೆ, ನಾವು ಮಲಗೋದು ಇಲ್ಲೇ ಅಲ್ವಾ?” ಅಂದರು. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗಿರಣಿ ಇಟ್ಟ ದಿನ ಒಂದು ಪತ್ರ ಬರೆದಿದ್ದರೆ ಕಂತು ಸ್ವಲ್ಪ ಏರುತ್ತಿತ್ತು, ಅಷ್ಟೇ. ಬರೆಯದ ಕಾರಣಕ್ಕೆ ಎರಡು ವರ್ಷ ಓಡಾಡಿದರು. ಆ ವರದಿಗೆ ಸಹಿ ಹಾಕಿದ ಕೈ ನನ್ನದೇ, ಇವತ್ತಿಗೂ ನನಗದು ಹಿತವಾದ ನೆನಪಲ್ಲ.

ಪೇಟೆಯ ಮನೆಗಳಲ್ಲಿ ಈ ಸಂದಿ ಬಚ್ಚಲಲ್ಲಿ ಕಾಣುತ್ತದೆ. ನಕ್ಷೆ ಮಂಜೂರಾದಾಗ ಬಚ್ಚಲಿಗೆ ವೆಂಟಿಲೇಟರ್ ಇತ್ತು. ಆಮೇಲೆ ಸೊಳ್ಳೆ ಬರುತ್ತದೆಂದು ಗಾಜು ಹಾಕಿಸಿದರು, ಚಳಿಗಾಲಕ್ಕೆ ರಟ್ಟು ತುರುಕಿದರು. ಅದೇ ಬಚ್ಚಲೊಳಗೆ ಗ್ಯಾಸ್ ಗೀಸರ್ ಬಂತು. ಗಾಳಿಯಾಡದ ಕೋಣೆಯಲ್ಲಿ ಅನಿಲ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕೆಮ್ಮೂ ಬರುವುದಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದ್ದೇವೆ, ಓದಿ ಮಡಚಿಟ್ಟಿದ್ದೇವೆ. ಗೀಸರನ್ನು ಬಚ್ಚಲ ಹೊರಗಿನ ಗೋಡೆಗೆ ಹಾಕಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತಂದರೆ ಮುಗಿಯಿತು. ಒಬ್ಬ ಪ್ಲಂಬರ್, ಅರ್ಧ ದಿನದ ಕೆಲಸ.

ವಿದ್ಯುತ್ತಿನದು ಇನ್ನೂ ವಿಚಿತ್ರ. ಕರೆಂಟ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಂಬ ಒಂದು ಅಂಕಿ ಇರುತ್ತದೆ. ಮೊತ್ತ ನೋಡುವ ನಮ್ಮ ಕಣ್ಣು ಅದರ ಮೇಲೆ ಬೀಳುವುದೇ ಇಲ್ಲ. ಒಂದು ಕಿಲೋವ್ಯಾಟ್ ಎಂದು ಬರೆಸಿಕೊಂಡ ಮನೆಯಲ್ಲಿ ಇವತ್ತು ಎರಡು ಕಿಲೋವ್ಯಾಟಿನ ಗೀಸರ್ ಇದೆ, ಫ್ರಿಜ್ ಇದೆ, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸಂಪಿನಿಂದ ನೀರೆತ್ತುವ ಮೋಟಾರು, ಈಗ ಹಜಾರದಲ್ಲೇ ಚಾರ್ಜ್ ಆಗುವ ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ. ಗೋಡೆಯೊಳಗಿನ ವೈರು ಮಾತ್ರ ಟ್ಯೂಬ್‌ಲೈಟಿನ ಕಾಲದ್ದು. ‘ಶಾರ್ಟ್ ಸರ್ಕ್ಯೂಟ್’ ಎಂದು ಮಹಜರಿನಲ್ಲಿ ಬರೆಯುವುದು ಸುಲಭ, ನಾನೂ ಬರೆದಿದ್ದೇನೆ. ಎಷ್ಟೋ ಕಡೆ ಅದರ ಹಿಂದಿನ ಕಥೆ ಬಿಸಿಯಾಗಿ ಬಿಸಿಯಾಗಿ ಸಿಪ್ಪೆ ಕರಗಿದ ವೈರು, ಸಡಿಲವಾದ ಪ್ಲಗ್ ಪಾಯಿಂಟು.

ಇಲ್ಲೊಂದು ತಪ್ಪು ತಿಳಿವಳಿಕೆ ಎಷ್ಟು ವ್ಯಾಪಕವಾಗಿದೆಯೆಂದರೆ, ಓದಿದವರ ಮನೆಯಲ್ಲೂ ಕಂಡಿದ್ದೇನೆ. “ನಮ್ಮಲ್ಲಿ ಎಂಸಿಬಿ ಇದೆ, ಭಯವಿಲ್ಲ” ಎನ್ನುತ್ತಾರೆ. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಮೂವತ್ತು ಮಿಲಿಆಂಪಿಯರ್ ಸೋರಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಅದು ಕರೆಂಟ್ ಕಡಿಯುತ್ತದೆ. ಅಷ್ಟು ಸಣ್ಣ ಸೋರಿಕೆ ಎಂಸಿಬಿಯ ಗಮನಕ್ಕೇ ಬರುವುದಿಲ್ಲ. ಆರ್‌ಸಿಸಿಬಿಯ ಮೇಲೆ ‘ಟಿ’ ಎಂಬ ಗುಂಡಿ ಇರುತ್ತದೆ, ತಿಂಗಳಿಗೊಮ್ಮೆ ಒತ್ತಿ ನೋಡುವುದಕ್ಕೆ. ಒತ್ತಿದಾಗ ಕರೆಂಟ್ ಹೋಗದಿದ್ದರೆ ಅದು ಗೋಡೆಗೆ ಹೊಡೆದ ಬೊಂಬೆ. ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್, ಬಟ್ಟೆ ಒಣಗಿಸುವ ಕಬ್ಬಿಣದ ತಂತಿ: ನಾನು ನೋಡಿದ ಸಾವುಗಳಲ್ಲಿ ಈ ಎರಡರ ಲೆಕ್ಕ ದೊಡ್ಡದು. ಮಳೆಗಾಲದಲ್ಲಿ ತಂತಿ ಸರ್ವಿಸ್ ವೈರಿಗೆ ತಾಗಿರುತ್ತದೆ, ಒದ್ದೆ ಬಟ್ಟೆ ಹಿಡಿದ ಅಮ್ಮ ಮುಟ್ಟುತ್ತಾರೆ, ಬಿಡಿಸಲು ಹೋದ ಮಗನೂ ಮುಟ್ಟುತ್ತಾನೆ. ತಂತಿಯ ಬದಲು ಪ್ಲಾಸ್ಟಿಕ್ ಹಗ್ಗ ಕಟ್ಟುವುದಕ್ಕೆ ಯಾವ ವಿಚಾರ ಸಂಕಿರಣವೂ ಬೇಕಿಲ್ಲ. ಆದರೂ ಕಟ್ಟಿಲ್ಲ ನೋಡಿ.

ಅಡುಗೆಮನೆಗೆ ಬರೋಣ. ಗ್ಯಾಸ್ ಅಪಘಾತಕ್ಕೆ ತೈಲ ಕಂಪನಿಗಳೇ ವಿಮೆ ಮಾಡಿಸಿರುತ್ತವೆ, ನಾವು ಕಂತು ಕಟ್ಟಬೇಕಿಲ್ಲ ಎಂಬುದು ಈ ಸಭೆಯಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ! ಸಾವು ಸಂಭವಿಸಿದರೆ ಒಬ್ಬರಿಗೆ 6 ಲಕ್ಷ ರೂಪಾಯಿ, ಚಿಕಿತ್ಸೆಗೆ ಒಬ್ಬರಿಗೆ ಗರಿಷ್ಠ 2 ಲಕ್ಷ, ಆಸ್ತಿ ನಷ್ಟಕ್ಕೆ ಗರಿಷ್ಠ 2 ಲಕ್ಷ. ಆಸ್ತಿ ನಷ್ಟದ ಹಣ ಕನೆಕ್ಷನ್ ನೋಂದಾಯಿತವಾದ ವಿಳಾಸಕ್ಕೆ ಮಾತ್ರ. ಮತ್ತೆ ಅದೇ ಸಂದಿ. ಕನೆಕ್ಷನ್ ಹಾಸನದ ಹಳ್ಳಿಯಲ್ಲಿ ಅತ್ತೆಯವರ ಹೆಸರಿನಲ್ಲಿದೆ, ಸಿಲಿಂಡರು ಪೀಣ್ಯದ ಬಾಡಿಗೆ ಮನೆಯಲ್ಲಿದೆ. ವಿಳಾಸ ಬದಲಿಸಲು ಒಂದು ಅರ್ಜಿ ಕೊಟ್ಟರಾಯಿತು. ರಬ್ಬರ್ ಟ್ಯೂಬಿಗೂ ಆಯಸ್ಸಿದೆ. ಸುರಕ್ಷಾ ಟ್ಯೂಬನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ದಿನಾಂಕ ಟ್ಯೂಬಿನ ಮೇಲೇ ಅಚ್ಚಾಗಿರುತ್ತದೆ. ಮಾಡ್ಯುಲರ್ ಅಡುಗೆಮನೆಯ ಅಂದಕ್ಕೆ ಸಿಲಿಂಡರನ್ನು ಪ್ಲೈವುಡ್ ಬಾಗಿಲ ಹಿಂದೆ ಮುಚ್ಚಿಟ್ಟವರಿಗೆ ಅದನ್ನು ಓದುವ ಭಾಗ್ಯವಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದ್ದು ಮೇಲೇರಿ ಕಿಟಕಿಯಿಂದ ಹೋಗದೆ ನೆಲದಲ್ಲಿ ಹರಿದು ಮೂಲೆಯಲ್ಲಿ ನಿಲ್ಲುತ್ತದೆ. ವಾಸನೆ ಬಂದಾಗ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಸ್ವಲ್ಪ ಹಿಂದಕ್ಕೆ ಹೋಗಲು ಅಪ್ಪಣೆ ಕೊಡಿ. 1891ರಲ್ಲೇ ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆಯ ಏರ್ಪಾಡು ಮಾಡಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಬೇರು ಅದು. ಆರು ವರ್ಷ ಕಳೆಯುವಷ್ಟರಲ್ಲಿ, 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಮೈಸೂರಿನ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಪೂರ್ತಿಯಾದ ಹೊಸ ಅರಮನೆಗೆ ಬಳಸಿದ್ದು ಕಲ್ಲು, ಇಟ್ಟಿಗೆ, ಕಬ್ಬಿಣ. ಸುಟ್ಟದ್ದನ್ನೇ ಮತ್ತೆ ಕಟ್ಟಲಿಲ್ಲ ಎಂಬುದು ನನಗೆ ಮುಖ್ಯ. ನಾನು ನೋಡಿದ ಮನೆಗಳಲ್ಲಿ ಎಷ್ಟೋ ಜನ ಪರಿಹಾರದ ಚೆಕ್ಕು ಬಂದ ಮೇಲೆ ಅದೇ ಜಾಗದಲ್ಲಿ ಅದೇ ವೈರನ್ನು ಎಳೆಸಿದ್ದಾರೆ.

ಇನ್ನು ಹಣದ ಮಾತು. “ನಿಮ್ಮ ಮನೆಯ ಬೆಲೆ ಎಷ್ಟು?” ಎಂದರೆ ನಮ್ಮವರು ಸೈಟಿನ ಬೆಲೆ ಹೇಳುತ್ತಾರೆ. ಒಂದು ಕೋಟಿ ಎನ್ನುವಾಗ ಮುಖ ಅರಳುತ್ತದೆ. ಆದರೆ ಬೆಂಕಿ ಬಿದ್ದರೆ ಸೈಟು ಸುಡುವುದಿಲ್ಲ. ಹನ್ನೆರಡು ಚದರದ ಮನೆಯನ್ನು ಮರಳಿ ಕಟ್ಟಲು ಚದರಡಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ಬೇಕಾಗುವುದು 24 ಲಕ್ಷ. ವಿಮೆ ಮಾಡಿಸಬೇಕಾದದ್ದು ಅಷ್ಟಕ್ಕೆ. ಕೋಟಿಗೆ ಮಾಡಿಸಿದರೆ ಕಂತು ದಂಡ. ಬ್ಯಾಂಕಿನವರು ಸಾಲದ ಮೊತ್ತಕ್ಕಷ್ಟೇ ಮಾಡಿಸಿ ಕೈತೊಳೆದುಕೊಂಡಿದ್ದರೆ ಅದೂ ಸಾಲದು. ಹಳೆಯ ಬಗೆಯ ಪಾಲಿಸಿಗಳಲ್ಲಿ ಇದಕ್ಕೊಂದು ಕ್ರೂರ ಲೆಕ್ಕವಿತ್ತು: 40 ಲಕ್ಷದ ಕಟ್ಟಡಕ್ಕೆ 20 ಲಕ್ಷದ ವಿಮೆ ಇದ್ದು, 10 ಲಕ್ಷ ನಷ್ಟವಾದರೆ, ಸಿಗುತ್ತಿದ್ದದ್ದು 5 ಲಕ್ಷ. ಅರ್ಧಕ್ಕೆ ವಿಮೆ ಮಾಡಿಸಿದವರಿಗೆ ಅರ್ಧ ನಷ್ಟವೇ ಪರಿಹಾರ. ಈ ಲೆಕ್ಕವನ್ನು ಹೆಂಗಸರ ಮುಂದೆ, ಮಕ್ಕಳ ಮುಂದೆ ವಿವರಿಸುವ ಕೆಲಸ ನನ್ನದಾಗಿತ್ತು.

2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಅದರಲ್ಲಿ ಈ ಲೆಕ್ಕವನ್ನು ತೆಗೆದುಹಾಕಿದ್ದಾರೆ. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕುಸಿತ, ಭೂಕಂಪ ಎಲ್ಲಕ್ಕೂ ರಕ್ಷಣೆಯಿದೆ. ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷದವರೆಗೆ, ಮನೆಯೊಳಗಿನ ಸಾಮಾನಿಗೆ ಪಟ್ಟಿ ಕೊಡದೆಯೂ ರಕ್ಷಣೆ ಸಿಗುತ್ತದೆ. ಒಮ್ಮೆಲೇ ಹತ್ತು ವರ್ಷಕ್ಕೂ ಮಾಡಿಸಬಹುದು. ಇಷ್ಟರ ಮಟ್ಟಿಗೆ ಒಳ್ಳೆಯ ಪಾಲಿಸಿ ಎಂದೇ ನನ್ನ ತೀರ್ಪು. ಆದರೆ ಇದು ಕಳ್ಳತನದ ಪಾಲಿಸಿಯಲ್ಲ. ನೆರೆಯೋ ಬೆಂಕಿಯೋ ಆದ ಏಳು ದಿನಗಳೊಳಗೆ ಸಾಮಾನು ಕದ್ದರೆ ಮಾತ್ರ ಕೊಡುತ್ತಾರೆ. ಊರ ಹಬ್ಬಕ್ಕೆ ಹೋದಾಗ ಕಳ್ಳ ನುಗ್ಗಿದರೆ ಬೇರೆ ಪಾಲಿಸಿ ಬೇಕು. ಅದಕ್ಕೂ ಬಾಗಿಲೋ ಕಿಟಕಿಯೋ ಒಡೆದ ಗುರುತು ಕೇಳುತ್ತಾರೆ. ಬೀಗದ ಕೈಯನ್ನು ತುಳಸಿಕಟ್ಟೆಯ ಗೂಡಿನಲ್ಲಿಟ್ಟು ಹೋಗುವವರು ಇದನ್ನು ಯೋಚಿಸಲಿ. ಒಡವೆಗೂ ಪ್ರತ್ಯೇಕವಾಗಿ ಬರೆಸಬೇಕು.

ನೆರೆಯ ಬಗ್ಗೆ ಹೇಳದಿದ್ದರೆ ಈ ಭಾಷಣ ಅರ್ಧ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಜಾರಿತು. ಮನೆ ಬಿದ್ದಿತು ಎನ್ನುವ ಹಾಗಿರಲಿಲ್ಲ, ಮನೆಯ ಅಡಿಯ ನೆಲವೇ ಹೋಗಿತ್ತು. ಪಾಲಿಸಿ ಕಟ್ಟಡಕ್ಕೆ ಕೊಡುತ್ತದೆ, ನೆಲಕ್ಕೆ ಕೊಡುವುದಿಲ್ಲ. ಮರುವರ್ಷ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳ ಸರದಿ. ಅಲ್ಲಿ ಮಣ್ಣಿನ ಗೋಡೆ ನೀರು ನಿಂತಾಗಲೇ ಬೀಳಬೇಕೆಂದಿಲ್ಲ. ನೀರು ಇಳಿದು, ಜನ ನಿಟ್ಟುಸಿರು ಬಿಟ್ಟು ಒಳಗೆ ಕಾಲಿಟ್ಟ ಮೇಲೆ, ನೆನೆದ ಬುಡ ಕುಸಿದು ಬೀಳುತ್ತದೆ. ನೆರೆ ಇಳಿದ ದಿನವೇ ಒಳಗೆ ಮಲಗಬೇಡಿ ಎಂಬುದು ಅಲ್ಲಿ ಕಲಿತ ಪಾಠ. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತು. ಆಗ ಎದ್ದ ಪ್ರಶ್ನೆ: ಮನೆ ಯಾರ ಹೆಸರಿನಲ್ಲಿದೆ? ಉತಾರದಲ್ಲಿ ತೀರಿಹೋದ ಅಜ್ಜನ ಹೆಸರು, ಮನೆಯಲ್ಲಿ ಮೂರು ಅಣ್ಣತಮ್ಮಂದಿರ ಮೂರು ಒಲೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮಹದೇವಪುರದ ಕಡೆಯ ಬಂಗಲೆಗಳಿಗೇ ನೀರು ನುಗ್ಗಿ ಟ್ರ್ಯಾಕ್ಟರಿನಲ್ಲಿ ಜನರನ್ನು ಸಾಗಿಸಿದಾಗ, ನೆರೆ ಬಡವರ ಮನೆಯ ನೆಂಟ ಎಂಬ ಭಾವನೆಯೂ ಹೋಯಿತು. ಅಂದಹಾಗೆ, ನೆಲಮಾಳಿಗೆಯಲ್ಲಿ ಮುಳುಗಿದ ಕಾರು ಮನೆಯ ಪಾಲಿಸಿಗೆ ಸೇರುವುದಿಲ್ಲ.

ದೊಡ್ಡ ಪಾಲಿಸಿ ಕೈಗೆಟುಕದವರಿಗೆ ಚಿಕ್ಕವೂ ಇವೆ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವವಿಮೆ, ಎರಡೂ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತವೆ. ತೊಂದರೆ ಏನೆಂದರೆ, ಕಡಿತವಾದದ್ದು ಮನೆಯವರಿಗೆ ಗೊತ್ತಿರುವುದಿಲ್ಲ. ಗಂಡ ಕರೆಂಟ್ ಹೊಡೆದು ಹೋದ ಹೆಣ್ಣುಮಗಳೊಬ್ಬರ ಮನೆಯಲ್ಲಿ ದೇವರ ಗೂಡಿನಲ್ಲಿದ್ದ ಪಾಸ್‌ಬುಕ್ ತೆಗೆಸಿ ನೋಡಿದೆ. 20 ರೂಪಾಯಿಯ ಸಾಲು ಅಲ್ಲಿತ್ತು. ನಾನು ಹೋದದ್ದು ಬೇರೆ ಕೆಲಸಕ್ಕೆ. ಕ್ಲೇಮು ತಿರಸ್ಕಾರವಾದರೆ ಅಲ್ಲಿಗೇ ಮುಗಿಯಿತೆಂದೂ ತಿಳಿಯಬೇಡಿ. ಮೊದಲು ಕಂಪನಿಗೇ ಲಿಖಿತ ದೂರು. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ಕೇಳುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು.

ಇಲ್ಲಿಗೆ ಬಂದಿರುವ ವಿಮಾ ಅಧಿಕಾರಿಗಳಲ್ಲಿ ಒಂದು ಮಾತು, ಮುನಿಸಿಕೊಳ್ಳಬಾರದು. ಪ್ರಸ್ತಾವನೆಯ ಫಾರಂ ತುಂಬುವವರು ಯಾರು? ಏಜೆಂಟರು, ಇಲ್ಲವೇ ಬ್ಯಾಂಕಿನ ಹುಡುಗ. ಸಹಿ ಮಾಡುವವರು ಯಜಮಾನರು. ಟ್ಯೂಬು ಎಂದು ಹಾಕಿಸಿದ್ದು, ಯಾವ ಸ್ವಿಚ್ಚು ಚುರುಗುಟ್ಟುತ್ತದೆ, ಮಳೆಗೆ ಯಾವ ಮೂಲೆ ಸೋರುತ್ತದೆ ಎಂದು ಬಲ್ಲ ಮನೆಯಾಕೆಯನ್ನು ಯಾರೂ ಕೇಳುವುದಿಲ್ಲ. ಫಾರಂ ಇರುವುದು ಇಂಗ್ಲಿಷಿನಲ್ಲಿ, ಕೇಳಿದರೂ ಉಪಯೋಗವಿಲ್ಲ ಬಿಡಿ. ಕಾಗದದ ಮನೆ ಬೇರೆಯಾಗುವುದು ಅಲ್ಲಿಂದಲೇ.

ಆದ್ದರಿಂದ ಈ ಎರಡು ದಿನದ ಚರ್ಚೆಯಿಂದ ಗೊತ್ತುವಳಿ ಬೇಡ, ಸಂಪುಟವೂ ಬೇಡ. ಒಂದೇ ಪುಟದ ಒಂದು ಕನ್ನಡ ನಮೂನೆ ಬರಲಿ. ಮನೆಯಲ್ಲಿ ಯಾರು ಇದ್ದಾರೆ, ಏನು ಕಟ್ಟಿಸಿದ್ದಾರೆ, ಯಾವ ಯಂತ್ರ ಓಡುತ್ತದೆ, ಟ್ಯೂಬಿನ ದಿನಾಂಕ, ಲೋಡಿನ ಅಂಕಿ, ಪಾಲಿಸಿ ಎಲ್ಲಿದೆ, ನಾಮಿನಿ ಬದುಕಿದ್ದಾರೆಯೇ, ಇಷ್ಟು ಸಾಕು. ಪ್ರತಿ ಯುಗಾದಿಗೆ ಹೊಸದಾಗಿ ತುಂಬಿ, ಒಂದು ಪ್ರತಿ ಮನೆಯಲ್ಲಿ, ಒಂದು ವಿಮಾ ಕಚೇರಿಯಲ್ಲಿ. ಕರಡು ಸಿದ್ಧವಾದ ಕೂಡಲೇ, ಸ್ವಸಹಾಯ ಸಂಘಗಳಿಂದ ಬಂದು ಇಲ್ಲಿ ಮುಂದಿನ ಸಾಲಿನಲ್ಲಿ ಕೂತಿರುವ ತಾಯಂದಿರಿಗೆ ಓದಲು ಕೊಡಿ. ಅವರು ಯಾವ ಪದದ ಮೇಲೆ ತಡೆದು ನಿಲ್ಲುತ್ತಾರೋ ಅದನ್ನು ಹೊಡೆದುಹಾಕಿ. ನಾನು ನಾಳೆ ಸಂಜೆಯವರೆಗೂ ಇಲ್ಲೇ ಇರುತ್ತೇನೆ.