ಪುಟ್ಟ ಮಕ್ಕಳೊಡನೆ ದಂಡಿನಲ್ಲಿ ಎರಡು ದಿನ

ಪ್ರವಾಸ ಎಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಗೆಳೆಯರ ಗುಂಪು, ಬಸ್ಸಿನಲ್ಲಿ ಹಾಡು, ರಾತ್ರಿಯ ಪ್ರಯಾಣ. ನಾನು ಇಂದು ಹೇಳಹೊರಟಿರುವುದು ಅಂಥ ಪ್ರವಾಸದ ವಿಚಾರವಲ್ಲ. ಮನೆಯವರೊಂದಿಗೆ, ಅದರಲ್ಲೂ ಎಳೆಯ ಮಕ್ಕಳೊಂದಿಗೆ, ಕಡಿಮೆ ಖರ್ಚಿನಲ್ಲಿ ಬೆಂಗಳೂರಿಗೆ ಹೋಗಿಬರುವ ವಿಚಾರ. ಇದನ್ನು ದೊಡ್ಡವರಿಗೆ ಹೇಳದೆ ನಿಮಗೇಕೆ ಹೇಳುತ್ತಿದ್ದೇನೆ ಎಂದು ಕೇಳಬಹುದು. ಕಾರಣವಿದೆ. ರೈಲಿನ ವೇಳಾಪಟ್ಟಿ ನೋಡುವುದು, ಫೋನಿನಲ್ಲಿ ದಾರಿ ಹುಡುಕುವುದು, ಲಾಡ್ಜಿಗೆ ಫೋನ್ ಮಾಡಿ ವಿಚಾರಿಸುವುದು, ಇವೆಲ್ಲ ಇಂದು ಬಹುಪಾಲು ಮನೆಗಳಲ್ಲಿ ಓದುವ ಹುಡುಗ ಹುಡುಗಿಯರ ಪಾಲಿಗೇ ಬಂದಿವೆ. ಹಣ ದೊಡ್ಡವರದು, ಯೋಜನೆ ನಿಮ್ಮದು. ಯೋಜನೆ ಕೆಟ್ಟರೆ ಅದರ ಭಾರ ಹೊರುವವರು ಮಾತ್ರ ಬೇರೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಳುವ ಮಗುವನ್ನು ಸೊಂಟದ ಮೇಲೆ ಹೊತ್ತು ನಡೆಯುವವಳು ನಿಮ್ಮ ಅಮ್ಮ ಅಥವಾ ಅಕ್ಕ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಂಗಾರಪೇಟೆಯ ಒಂದು ಮನೆ. ಅಕ್ಕ, ಭಾವ, ಅವರ ಐದು ವರ್ಷದ ಮಗ, ಎರಡು ವರ್ಷದ ಮಗಳು, ಜೊತೆಗೆ ಕಾಲೇಜಿನಲ್ಲಿ ಓದುತ್ತಿರುವ ನೀವು. ವರ್ಷಕ್ಕೊಮ್ಮೆ ಸಿಗುವ ಎರಡು ದಿನದ ಬಿಡುವು. ಭಾವ ಸಹಜವಾಗಿಯೇ ಒಂದು ಮಾತು ಹೇಳುತ್ತಾರೆ: "ಇಷ್ಟು ದೂರ ಹೋಗ್ತೀವಿ, ಎಲ್ಲಾ ನೋಡ್ಕೊಂಡೇ ಬಂದುಬಿಡೋಣ." ಅಂದರೆ ಲಾಲ್‌ಬಾಗ್, ವಿಧಾನಸೌಧ, ಬನ್ನೇರುಘಟ್ಟ, ಬಸವನಗುಡಿಯ ದೊಡ್ಡ ಬಸವಣ್ಣ, ಎಲ್ಲವೂ. ಈ ಒಂದು ಮಾತಿನಿಂದಲೇ ಖರ್ಚು ಇಮ್ಮಡಿಯಾಗುತ್ತದೆ, ಮಕ್ಕಳು ಸುಸ್ತಾಗುತ್ತಾರೆ. ಊರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದರಲ್ಲೇ ದಿನ ಮುಗಿಯುತ್ತದೆ. ಎರಡು ವರ್ಷದ ಮಗುವಿಗೆ ವಿಧಾನಸೌಧವೂ ಒಂದೇ, ಟ್ರಾಫಿಕ್ ಸಿಗ್ನಲ್ಲೂ ಒಂದೇ. ಆದ್ದರಿಂದ ಊರಿನ ಒಂದು ಭಾಗವನ್ನು ಮಾತ್ರ ಆರಿಸಿಕೊಂಡು ಉಳಿದುದನ್ನು ಇನ್ನೊಂದು ವರ್ಷಕ್ಕೆ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪೂರ್ವ ದಿಕ್ಕಿನಿಂದ ಬರುವವರಿಗೆ ಆ ಭಾಗ ಯಾವುದೆಂಬುದು ರೈಲುಹಳಿಯನ್ನು ನೋಡಿದರೆ ತಾನಾಗಿಯೇ ತಿಳಿಯುತ್ತದೆ. ಅದೇ ದಂಡು ಪ್ರದೇಶ. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯವನ್ನು ಶ್ರೀರಂಗಪಟ್ಟಣದಿಂದ ಇಲ್ಲಿಗೆ ತಂದು ನೆಲೆಗೊಳಿಸಿದರು. ಅತ್ತ ಕೆಂಪೇಗೌಡರ ಪೇಟೆ, ಇತ್ತ ಸೈನ್ಯದ ದಂಡು, ನಡುವೆ ಮುಂದೆ ಬೆಳೆದ ಕಬ್ಬನ್ ಪಾರ್ಕು. 1949ರಲ್ಲಿ ಒಂದೇ ನಗರಸಭೆಯ ಅಡಿಗೆ ಬರುವವರೆಗೂ ಇವು ಆಡಳಿತದಲ್ಲಿ ಎರಡು ಊರುಗಳೇ ಆಗಿದ್ದವು. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬಂದ ಮೊದಲ ರೈಲು ನಿಂತದ್ದು ಪೇಟೆಯಲ್ಲಿ ಅಲ್ಲ, ದಂಡಿನಲ್ಲಿ. ಇಂದಿಗೂ ಹಳಬರು ಕಂಟೋನ್ಮೆಂಟ್ ನಿಲ್ದಾಣವನ್ನು 'ದಂಡು ಸ್ಟೇಷನ್' ಎಂದೇ ಕರೆಯುತ್ತಾರೆ. ಇತಿಹಾಸದ ಈ ಮಾತನ್ನು ಪರೀಕ್ಷೆಗಾಗಿ ಹೇಳುತ್ತಿಲ್ಲ. ಸೈನ್ಯದ ಬೀಡಿಗೆ ಬೇಕಾದ ನಿಲ್ದಾಣ, ಮಾರುಕಟ್ಟೆ, ಚರ್ಚು, ಮೈದಾನಗಳು ಒಂದಕ್ಕೊಂದು ಹತ್ತಿರದಲ್ಲೇ ಬೆಳೆದವು. ಹಲಸೂರು ಕೆರೆಯೂ ಪಕ್ಕದಲ್ಲೇ ಇತ್ತು. ಇನ್ನೂರು ವರ್ಷದ ಹಿಂದಿನ ಆ ಏರ್ಪಾಡು ಇಂದು ಮಗುವನ್ನು ಎತ್ತಿಕೊಂಡು ಬರುವ ತಾಯಿಗೆ ಅನುಕೂಲವಾಗಿದೆ.

ಈಗ ಬರುವ ದಾರಿ. ಬಸ್ಸೋ ರೈಲೋ? 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಅಕ್ಕನ ಪ್ರಯಾಣ ಉಚಿತ, ನೀವು ಹುಡುಗಿಯಾದರೆ ನಿಮ್ಮದೂ ಉಚಿತ. ಆದರೂ ನಾನು ರೈಲನ್ನೇ ಆರಿಸುತ್ತೇನೆ. ಸುಮಾರು ಎಪ್ಪತ್ತು ಕಿಲೋಮೀಟರಿನ ಈ ದಾರಿಗೆ ಕಾಯ್ದಿರಿಸದ ಬೋಗಿಯ ದರ ಬಹಳ ಕಡಿಮೆ. ಐದು ತುಂಬದ ಮಕ್ಕಳಿಗೆ ಟಿಕೆಟ್ ಬೇಡ, ಐದರಿಂದ ಹನ್ನೆರಡರವರೆಗೆ ಅರ್ಧ. ಬಸ್ಸು ಹಳೆ ಮದ್ರಾಸು ರಸ್ತೆಯಲ್ಲಿ ನಿಂತು ನಿಂತು ಬರುವಾಗ ಮಗುವಿಗೆ ವಾಂತಿ ಬಂದರೆ ಉಳಿಸಿದ ಹಣ ಯಾವ ಲೆಕ್ಕಕ್ಕೂ ಬರುವುದಿಲ್ಲ. ರೈಲಿನಲ್ಲಿ ಮಗು ಎದ್ದು ನಿಲ್ಲಬಹುದು, ಕಿಟಕಿಯಲ್ಲಿ ನೋಡಬಹುದು. ಐದು ವರ್ಷದ ಹುಡುಗನಿಗೆ ಪ್ರವಾಸದ ಅರ್ಧ ಸಂತೋಷ ರೈಲಿನಲ್ಲೇ ಸಿಕ್ಕಿರುತ್ತದೆ. ಒಂದೇ ಎಚ್ಚರಿಕೆ: ಬೆಳಗಿನ ಕಚೇರಿ ವೇಳೆಯ ಗಾಡಿ ಬೇಡ. ಕೆಲಸಕ್ಕೆ ಹೋಗುವವರ ನೂಕುನುಗ್ಗಲಿನಲ್ಲಿ ಮಕ್ಕಳಿಗೆ ಜಾಗವಿರುವುದಿಲ್ಲ. ಅದರ ನಂತರದ ಗಾಡಿ ಹಿಡಿಯಿರಿ, ಇಲ್ಲವೇ ಭಾನುವಾರ ಹೊರಡಿ.

ದಂಡಿನಲ್ಲಿ ಇಳಿದ ಮೇಲೆ ಶಿವಾಜಿನಗರ ಹತ್ತಿರ. ಸಾಧಾರಣ ಬಾಡಿಗೆಯ ಲಾಡ್ಜುಗಳು ಅಲ್ಲಿ ಸಿಗುತ್ತವೆ. ಫೋನಿನಲ್ಲಿ ಬಾಡಿಗೆ ಎಷ್ಟೆಂದು ಮಾತ್ರ ಕೇಳಿ ಸುಮ್ಮನಾಗಬೇಡಿ. ಬಿಸಿನೀರು ಯಾವ ಹೊತ್ತಿನಲ್ಲಿ ಬರುತ್ತದೆ? ಕೋಣೆ ಯಾವ ಮಹಡಿಯಲ್ಲಿದೆ, ಲಿಫ್ಟ್ ಉಂಟೇ? ಮಕ್ಕಳಿಗೆ ಬೇರೆ ಹಣವುಂಟೇ? ಎಲ್ಲಕ್ಕಿಂತ ಮುಖ್ಯವಾಗಿ, ಕೋಣೆ ಬಿಡುವುದು ಮಧ್ಯಾಹ್ನ ಹನ್ನೆರಡಕ್ಕೋ ಅಥವಾ ಬಂದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆಗೋ? ಹನ್ನೊಂದಕ್ಕೆ ಬರುವ ನಿಮಗೆ ಇಪ್ಪತ್ತನಾಲ್ಕು ಗಂಟೆಯ ಲೆಕ್ಕ ಸಿಕ್ಕಿದರೆ ಎರಡನೆಯ ದಿನದ ಬಾಡಿಗೆ ಉಳಿಯಿತು. ದೊಡ್ಡವರೆಲ್ಲರ ಗುರುತಿನ ಚೀಟಿ ಕೈಯಲ್ಲಿರಲಿ.

ಬಂದ ದಿನ ಮಧ್ಯಾಹ್ನ ಏನನ್ನೂ ನೋಡಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಯೋಜನೆ ಹಾಕುವ ಯುವಕರು ಇದನ್ನು ಒಪ್ಪುವುದೇ ಇಲ್ಲ. ಹನ್ನೆರಡಕ್ಕೆ ಊಟ, ಒಂದರಿಂದ ಮೂರೂವರೆಯವರೆಗೆ ನಿದ್ದೆ. ಮನೆಯಲ್ಲಿ ಮಗು ಯಾವ ಹೊತ್ತಿಗೆ ಮಲಗುತ್ತದೋ ಇಲ್ಲಿಯೂ ಅದೇ ಹೊತ್ತಿಗೆ ಮಲಗಬೇಕು. ಕೋಣೆಗೆ ಬಾಡಿಗೆ ಕೊಟ್ಟಿರುವುದು ರಾತ್ರಿಗಾಗಿ ಮಾತ್ರವಲ್ಲ, ಈ ಎರಡೂವರೆ ಗಂಟೆಗಾಗಿಯೂ. ನಿದ್ದೆಯಾದ ಮಗು ಸಂಜೆ ಏಳರವರೆಗೆ ನಗುನಗುತ್ತಾ ಇರುತ್ತದೆ. ನಿದ್ದೆಗೆಟ್ಟ ಮಗುವನ್ನು ಸಮಾಧಾನಪಡಿಸಲು ಬಲೂನು, ಐಸ್‌ಕ್ರೀಂ, ಆಟದ ಸಾಮಾನು ಎಂದು ಮಾಡುವ ಖರ್ಚನ್ನು ಯಾರೂ ಬರೆದಿಡುವುದಿಲ್ಲ, ಅಷ್ಟೆ.

ಮೊದಲ ದಿನದ ಊಟಕ್ಕೆ ಮನೆಯಿಂದಲೇ ಚಿತ್ರಾನ್ನ, ಮೊಸರನ್ನ ಕಟ್ಟಿಕೊಳ್ಳಬಹುದು. ಮರುದಿನಕ್ಕೆ ದರ್ಶಿನಿಯ ಇಡ್ಲಿ ಸಾಕು. 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳು ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂಬ ದರದಲ್ಲಿ ಶುರುವಾದವು. ಅಲ್ಲಿ ತಿನ್ನುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮಕ್ಕಳ ಕುಡಿಯುವ ನೀರು ಮಾತ್ರ ಕಾಯಿಸಿ ಆರಿಸಿದ್ದು ಜೊತೆಗಿರಲಿ.

ಸಂಜೆ ನಾಲ್ಕಕ್ಕೆ ಹಲಸೂರು. ಶಿವಾಜಿನಗರದಿಂದ ಸುಮಾರು ಎರಡೂವರೆ, ಮೂರು ಕಿಲೋಮೀಟರು. ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ಮೆಟ್ರೊ ಅಗ್ಗ ಎಂಬುದು ಸಾಮಾನ್ಯ ನಂಬಿಕೆ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೊ ದರ ಕನಿಷ್ಠ 10, ಗರಿಷ್ಠ 90 ರೂಪಾಯಿ ಆಯಿತು. ಮೂರು ಕಿಲೋಮೀಟರಿನಷ್ಟು ದೂರಕ್ಕೆ ತಲೆಗೆ 20. ಮೂರು ಅಡಿಗಿಂತ ಗಿಡ್ಡ ಮಕ್ಕಳಿಗೆ ಟಿಕೆಟ್ ಇಲ್ಲ. (ಹೊರಡುವ ಮುನ್ನ ಬಾಗಿಲಿಗೆ ನಿಲ್ಲಿಸಿ ಅಳೆದುಬಿಡಿ, ಮಕ್ಕಳಿಗೂ ಅದೊಂದು ಆಟ.) ಐದು ವರ್ಷದವನು ಸಾಮಾನ್ಯವಾಗಿ ಮೂರು ಅಡಿ ದಾಟಿರುತ್ತಾನೆ. ಅಲ್ಲಿಗೆ ನಾಲ್ಕು ಟಿಕೆಟ್, 80 ರೂಪಾಯಿ. ಅದೇ ವರ್ಷದ ಆಗಸ್ಟ್‌ನಲ್ಲಿ ನಿಗದಿಯಾದ ಆಟೋ ದರ ಮೊದಲ ಎರಡು ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಮೂರು ಕಿಲೋಮೀಟರಿಗೆ 54 ರೂಪಾಯಿ. ದೊಡ್ಡವರು ಮೂವರು, ಮಕ್ಕಳು ತೊಡೆಯ ಮೇಲೆ. ಅಂದರೆ ಮೀಟರಿನಂತೆ ಬರುವ ಆಟೋ ಸಿಕ್ಕಿದರೆ ಹತ್ತಿರದ ದೂರಕ್ಕೆ ಆಟೋವೇ ಅಗ್ಗ. ಬಸ್ಸಿನಲ್ಲಾದರೆ ಭಾವನದೊಂದು ಟಿಕೆಟ್, ಹೆಚ್ಚೆಂದರೆ ನಿಮ್ಮದೊಂದು. ಮೆಟ್ರೊ ಉಳಿಸುವುದು ಹಣವನ್ನಲ್ಲ, ಸಮಯವನ್ನು. ದೂರ ಹೋಗುವಾಗ ಅದಕ್ಕೆ ಬೆಲೆಯುಂಟು. ದರಗಳು ಬದಲಾಗುತ್ತವೆ, ಹೊರಡುವ ವಾರ ನೀವೇ ನೋಡಿ ಈ ಲೆಕ್ಕವನ್ನು ಮತ್ತೆ ಮಾಡಿ.

ಹಲಸೂರಿನಲ್ಲಿ ಮೊದಲು ಸೋಮೇಶ್ವರ ದೇವಾಲಯ. ಚೋಳರ ಕಾಲದಿಂದ ಬಂದು ವಿಜಯನಗರದ ಕಾಲದಲ್ಲಿ ಬೆಳೆದ ಗುಡಿ ಇದು. ಮಕ್ಕಳಿಗೆ ವಾಸ್ತುಶಿಲ್ಪದ ಪಾಠ ಬೇಡ. "ಕೈಲಾಸವನ್ನು ಎತ್ತುತ್ತಿರುವ ರಾವಣ ಎಲ್ಲಿದ್ದಾನೆ, ಹುಡುಕು ನೋಡೋಣ" ಎನ್ನಿ. ಆ ಶಿಲ್ಪ ಅಲ್ಲಿದೆ. ಐದು ವರ್ಷದವನು ಕಂಬಗಳ ಸುತ್ತ ಅರ್ಧ ಗಂಟೆ ಕಳೆಯುತ್ತಾನೆ. ಬಳಿಕ ಕೆರೆಯ ದಂಡೆ. ನೂರಿಪ್ಪತ್ತು ಎಕರೆಯಷ್ಟು ನೀರು, ನಡುವೆ ನಡುಗಡ್ಡೆಗಳು, ಹಕ್ಕಿಗಳು. ದೋಣಿ ಅಂದು ನಡೆಯುತ್ತಿದೆಯೇ ಎಂದು ವಿಚಾರಿಸಿದ ಮೇಲೆಯೇ ಮಗುವಿಗೆ ಹೇಳಿ, ಮೊದಲೇ ಆಸೆ ಹುಟ್ಟಿಸಬೇಡಿ. ಆಗಸ್ಟಿನಿಂದ ಅಕ್ಟೋಬರಿನವರೆಗೆ ಸಂಜೆಯ ಮಳೆ ಸಾಮಾನ್ಯ, ಕೊಡೆ ಇರಲಿ.

ಎರಡನೆಯ ದಿನ ಬೆಳಿಗ್ಗೆ ಬೇಗ ರಸೆಲ್ ಮಾರುಕಟ್ಟೆ. 1927ರಲ್ಲಿ ಕಟ್ಟಿದ ಕಟ್ಟಡ. ಹೂವು, ಹಣ್ಣಿನ ರಾಶಿ ನೋಡಲು ದುಡ್ಡು ಕೊಡಬೇಕಿಲ್ಲ, ಬಾಳೆಹಣ್ಣು ಕೊಂಡರೆ ಮಕ್ಕಳ ಹೊಟ್ಟೆಗೂ ಆಯಿತು. ಎದುರಿನ ಸಂತ ಮೇರಿಯ ಬೆಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಭಾರಿ ಜನ ಸೇರುತ್ತಾರೆ. ಸಣ್ಣ ಮಕ್ಕಳಿರುವವರು ಆ ಹತ್ತು ದಿನ ಬಿಟ್ಟು ಬರುವುದು ಮೇಲು. ಶಿವಾಜಿನಗರದಲ್ಲಿ ಯಾವ ದಿನವಾದರೂ ಜನಸಂದಣಿಯೇ. ಚಿಕ್ಕವಳು ಭಾವನ ಹೆಗಲ ಮೇಲಿರಲಿ, ದೊಡ್ಡವನ ಕೈ ನಿಮ್ಮ ಕೈಯಲ್ಲಿ. ಇಬ್ಬರ ಜೇಬಿನಲ್ಲೂ ಫೋನ್ ನಂಬರಿನ ಚೀಟಿ ಇಡಿ. ಮಕ್ಕಳ ಸಹಾಯವಾಣಿ 1098 ನಿಮಗೆ ಬಾಯಿಪಾಠವಿರಲಿ.

ಹತ್ತು ಗಂಟೆಗೆ ಒಂದೇ ಒಂದು ಜಾಗ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯವೋ, ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಎಚ್‌.ಎ.ಎಲ್. ವಿಮಾನ ಸಂಗ್ರಹಾಲಯವೋ? ಎರಡೂ ಚೆನ್ನಾಗಿವೆ. 2001ರಲ್ಲಿ ಆರಂಭವಾದ ಎಚ್‌.ಎ.ಎಲ್. ಸಂಗ್ರಹಾಲಯದಲ್ಲಿ ಮಾರುತ್ ಯುದ್ಧವಿಮಾನವನ್ನೇ ಹತ್ತಿರದಿಂದ ನೋಡಬಹುದು. ಆದರೆ ಅದು ನಮ್ಮ ದಾರಿಯಿಂದ ಹೊರಗೆ. ವಿಶ್ವೇಶ್ವರಯ್ಯ ಸಂಗ್ರಹಾಲಯದಲ್ಲಿ ಗುಂಡಿ ಒತ್ತಿದರೆ ತಿರುಗುವ ಯಂತ್ರಗಳಿವೆ, ರೈಟ್ ಸಹೋದರರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ಇದೆ. ಹೊರಬಂದರೆ ಕಬ್ಬನ್ ಪಾರ್ಕಿನ ನೆರಳು. ಎಳೆಯ ಮಕ್ಕಳಿಗೆ ಇದೇ ಸರಿ. ಎಲ್ಲ ಮಹಡಿಗಳನ್ನೂ ಹತ್ತಬೇಕಿಲ್ಲ, ಹುಡುಗ ಒಂದೇ ಯಂತ್ರದ ಮುಂದೆ ನಿಂತರೆ ನಿಲ್ಲಲಿ. ಅಕ್ಕ ಮರದಡಿ ಕುಳಿತು ಮಗುವಿಗೆ ಊಟ ಮಾಡಿಸುವಾಗ ನೀವು ಹುಡುಗನನ್ನು ನೋಡಿಕೊಳ್ಳಿ. ಅವಳಿಗೂ ಇದು ಬಿಡುವಿನ ದಿನ ಎಂಬುದು ಯೋಜನೆಯಲ್ಲಿ ಎಲ್ಲಾದರೂ ಒಂದು ಕಡೆ ಬರೆದಿರಬೇಕಲ್ಲವೇ?

ಇಂದಿರಾನಗರದ ಹೆಸರು ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ, ನನಗೆ ಗೊತ್ತು. ನೂರಡಿ ರಸ್ತೆಯ ಅಂಗಡಿ, ಹೋಟೆಲುಗಳು ನಿಮ್ಮ ವಯಸ್ಸಿನವರಿಗೆ ಆಕರ್ಷಕ. ಮಕ್ಕಳಿಗೆ ಅಲ್ಲಿ ಕೆಲಸವಿಲ್ಲ, ಭಾವನ ಜೇಬಿಗೂ ಕ್ಷೇಮವಲ್ಲ. ಮೆಟ್ರೊ ಕಿಟಕಿಯಿಂದ ನೋಡಿದರೆ ಸಾಕು.

ಹೌದು, ಮರಳುವಾಗ ಮೆಟ್ರೊಗೆ ಹಣ ಕೊಡಿ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದು ಇದೇ ದಾರಿಯಲ್ಲಿ, ಮಹಾತ್ಮ ಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಗೆ. 2023ರ ಅಕ್ಟೋಬರಿನಿಂದ ಅದೇ ನೇರಳೆ ಮಾರ್ಗ ಕೆ.ಆರ್. ಪುರಕ್ಕೂ ತಡೆಯಿಲ್ಲದೆ ಹೋಗುತ್ತದೆ. ಕಬ್ಬನ್ ಪಾರ್ಕಿನಲ್ಲಿ ನೆಲದಡಿಯಲ್ಲಿ ಹತ್ತಿದ ಗಾಡಿ ಮಹಾತ್ಮ ಗಾಂಧಿ ರಸ್ತೆಯ ಹೊತ್ತಿಗೆ ಮೇಲೆದ್ದು ಬರುತ್ತದೆ. ಟ್ರಿನಿಟಿ, ಹಲಸೂರು, ಇಂದಿರಾನಗರ ದಾಟಿ ರೈಲುಹಳಿಗಳ ಮೇಲೆ ಸಾಗುತ್ತದೆ. ಕೆ.ಆರ್. ಪುರದ ಬಳಿ 2003ರಲ್ಲಿ ಸಿದ್ಧವಾದ ತೂಗು ಸೇತುವೆ. ಹುಡುಗನಿಗೆ ಕಿಟಕಿಯ ಕಡೆ ಜಾಗ ಕೊಡಿ.

ಇಲ್ಲಿ ಇಳಿದು ಸ್ವಲ್ಪ ನಡೆದರೆ ಕೃಷ್ಣರಾಜಪುರ ರೈಲು ನಿಲ್ದಾಣ. ಬಂಗಾರಪೇಟೆಯ ಕಡೆ ಹೋಗುವ ಗಾಡಿಗಳು ಇಲ್ಲಿಯೂ ನಿಲ್ಲುತ್ತವೆ, ಮೆಜೆಸ್ಟಿಕ್ಕಿಗೆ ಹಿಂತಿರುಗಬೇಕಿಲ್ಲ. ಸಾಮಾನು ಒಂದೇ ಚೀಲದಲ್ಲಿರಲಿ ಎಂದು ಹೇಳುವುದು ಈ ನಡಿಗೆಗಾಗಿಯೇ. ಐದು ಗಂಟೆಯ ಮೇಲೆ ಕೆಲಸ ಮುಗಿಸಿ ಹೋಗುವವರು ಗಾಡಿ ತುಂಬುತ್ತಾರೆ. ಮೂರು, ಮೂರೂವರೆಯ ಸುಮಾರಿಗೆ ಯಾವ ಗಾಡಿ ಇದೆ ಎಂಬುದನ್ನು ಮನೆ ಬಿಡುವ ಮೊದಲೇ ಬರೆದುಕೊಳ್ಳಿ. ಅದು ತಪ್ಪಿದರೆ ಮುಂದಿನದು ಯಾವುದು ಎಂಬುದನ್ನೂ ಬರೆದು ಭಾವನ ಕೈಯಲ್ಲಿ ಒಂದು ಪ್ರತಿ ಕೊಟ್ಟಿರಿ.