ಟ್ಯಾಬ್ಲೆಟ್ ಬರಲಿ, ಅಕ್ಕನೂ ಇರಲಿ

(ಕೆ.ಜಿ.ಎಫ್. ಹಾಗೂ ಬಂಗಾರಪೇಟೆ ಭಾಗದ ಸಂಜೆ ಪಾಠ ಕೇಂದ್ರಗಳ ಕಾರ್ಯಕರ್ತೆಯರು, ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಮತ್ತು ಪೋಷಕರ ಸಭೆಯಲ್ಲಿ ನಮ್ಮ ಸಂಸ್ಥೆಯ ಸಿಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ.)

ನಿಮ್ಮಲ್ಲಿ ಹಲವರು ಇವತ್ತು ಅರ್ಧ ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಮೊದಲು ಅದಕ್ಕೆ ವಂದನೆಗಳು. ಸುತ್ತಿ ಬಳಸದೆ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಜೆ ಪಾಠ ಕೇಂದ್ರಗಳಿಗೆ ಇಪ್ಪತ್ತು ಟ್ಯಾಬ್ಲೆಟ್ ಕೊಡುತ್ತೇವೆ ಎಂದು ದಾನಿಗಳೊಬ್ಬರು ಮುಂದೆ ಬಂದಿದ್ದಾರೆ. ಸಂತೋಷದ ವಿಷಯವೇ. ಆದರೆ ಜೊತೆಗೆ ಒಂದು ಸಲಹೆಯನ್ನೂ ಕೊಟ್ಟಿದ್ದಾರೆ. "ಪಾಠವೆಲ್ಲ ಅದರೊಳಗೇ ಇರುತ್ತೆ ಸಿಸ್ಟರ್. ಇನ್ನು ಪಾಠ ಹೇಳಿಕೊಡೋ ಹುಡುಗಿಯರಿಗೆ ಗೌರವಧನ ಯಾಕೆ? ಆ ಹಣ ಉಳಿಸಿದ್ರೆ ಇನ್ನೂ ನಾಲ್ಕು ಊರಿಗೆ ಕೊಡಬಹುದಲ್ಲ" ಎಂದರು. ಅವರದು ಕೆಟ್ಟ ಮನಸ್ಸಲ್ಲ. ಆದರೆ ಈ ಮಾತಿಗೆ ಏನು ಉತ್ತರ ಕೊಡಬೇಕು ಎಂದು ನಾವು ಇವತ್ತು ತೀರ್ಮಾನಿಸಬೇಕು. ಯಾಕೆಂದರೆ ಇದರಲ್ಲಿ ಇರುವುದು ನಿಮ್ಮ ಮಕ್ಕಳ ಓದು, ಮತ್ತು ಇಲ್ಲೇ ಕುಳಿತಿರುವ ನಮ್ಮ ಕಾರ್ಯಕರ್ತೆಯರ ಕೆಲಸ.

ರೈಲು ಹತ್ತಿ ಹೋಗುವ ಫೋನು

2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದ್ದು ನಿಮಗೆ ನೆನಪಿರಬೇಕು. ಆ ಜುಲೈನಲ್ಲಿ ಪ್ರೌಢಶಾಲೆ ಮಕ್ಕಳಿಗಾಗಿ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಶುರುವಾದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳು ಎನ್ನದೆ ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಖಾಸಗಿ ಶಾಲೆಗಳ ಮಕ್ಕಳಿಗೆ ಆನ್‌ಲೈನ್ ಕ್ಲಾಸು.

ಆಗ ನಾನು ಲೈನು ಮನೆಗಳನ್ನು ಸುತ್ತುತ್ತಿದ್ದೆ. ಒಬ್ಬ ತಾಯಿ ತಮಿಳಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುತ್ತೇನೆ. "ಮನೆಗೆ ಇರೋದು ಒಂದೇ ಫೋನು ಸಿಸ್ಟರ್. ಅದು ಇವರಪ್ಪನ ಜೇಬಲ್ಲಿ ಬೆಳಿಗ್ಗೆ ರೈಲು ಹತ್ತುತ್ತೆ, ರಾತ್ರಿ ರೈಲಲ್ಲಿ ವಾಪಸ್ ಬರುತ್ತೆ. ಆಗ ಮಗು ಮಲಗಿರುತ್ತೆ." ಈ ಮಾತನ್ನು ನಾನು ಮರೆತಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಅನ್ನ ಬೆಂಗಳೂರಿನಲ್ಲಿದೆ. ಮಾರಿಕುಪ್ಪಂ, ಚಾಂಪಿಯನ್, ಕೋರಮಂಡಲ್, ಉರಿಗಾಂ ನಿಲ್ದಾಣಗಳಲ್ಲಿ ನಸುಕಿನಲ್ಲಿ ನಿಂತು ನೋಡಿ. ಬಂಗಾರಪೇಟೆ ಜಂಕ್ಷನ್ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೀಗೆ ದುಡಿಯುವ ತಂದೆತಾಯಿಗೆ ಸಂಜೆ ಮಗುವಿನ ಪಕ್ಕ ಕೂರಲು ಹೊತ್ತಿಲ್ಲ. ಅದಕ್ಕೇ ಅಲ್ಲವೇ ನಾವು ಈ ಕೇಂದ್ರಗಳನ್ನು ತೆರೆದದ್ದು?

'ಬೆರೆತ ಕಲಿಕೆ' ಅಂದರೆ ಏನು?

ಈಗ ಎಲ್ಲರ ಬಾಯಲ್ಲೂ 'ಬ್ಲೆಂಡೆಡ್ ಲರ್ನಿಂಗ್' ಎಂಬ ಮಾತು ಇದೆ. ಬೆರೆತ ಕಲಿಕೆ ಎನ್ನೋಣ. ಮಗು ಸ್ವಲ್ಪ ಹೊತ್ತು ಯಂತ್ರದಿಂದ ಕಲಿಯುತ್ತದೆ, ಸ್ವಲ್ಪ ಹೊತ್ತು ಮನುಷ್ಯರಿಂದ ಕಲಿಯುತ್ತದೆ. ಎರಡೂ ಒಂದಕ್ಕೊಂದು ಹೊಂದಿಕೊಂಡಿರಬೇಕು. ಇಷ್ಟೇ ವಿಷಯ.

ಅಮೆರಿಕದಲ್ಲಿ 'ಚಾರ್ಟರ್ ಶಾಲೆ' ಎಂಬ ಒಂದು ಬಗೆ ಇದೆ. ಹಣ ಸರ್ಕಾರದ್ದು, ಆಡಳಿತ ಸ್ವತಂತ್ರ ಮಂಡಳಿಯದು, ಮಕ್ಕಳಿಗೆ ಫೀಸಿಲ್ಲ. ಇದಕ್ಕೆ ಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ ರಾಜ್ಯ, 1991ರಲ್ಲಿ. ನಮ್ಮ ಅನುದಾನಿತ ಶಾಲೆಗಳ ದೂರದ ನೆಂಟರು ಎಂದು ತಿಳಿಯಿರಿ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 2007ರಲ್ಲಿ ಆರಂಭವಾದ 'ರಾಕೆಟ್‌ಶಿಪ್' ಶಾಲೆಗಳು ಬೆರೆತ ಕಲಿಕೆಗೆ ಹೆಸರಾದವು. ಅಲ್ಲಿಯೂ ಬಡವರ ಮಕ್ಕಳು, ಅಲ್ಲಿಯೂ ಎಷ್ಟೋ ಮನೆಗಳಲ್ಲಿ ಮನೆಮಾತು ಒಂದು, ಶಾಲೆಯ ಮಾತು ಇನ್ನೊಂದು. ಮಕ್ಕಳು ದಿನದಲ್ಲಿ ಸ್ವಲ್ಪ ಹೊತ್ತು ಕಂಪ್ಯೂಟರ್ ಕೋಣೆಯಲ್ಲಿ, ಉಳಿದ ಹೊತ್ತು ಶಿಕ್ಷಕರ ಜೊತೆ. ಮುಂದೆ ಅವರು ನೂರರಷ್ಟು ಮಕ್ಕಳನ್ನು ಒಂದೇ ದೊಡ್ಡ ಕೋಣೆಯಲ್ಲಿ ಕೂರಿಸಿ ಶಿಕ್ಷಕರನ್ನೂ ಯಂತ್ರಗಳನ್ನೂ ಅಲ್ಲೇ ಇಟ್ಟು ನೋಡಿದರು. ಅದು ಅಂದುಕೊಂಡಂತೆ ನಡೆಯಲಿಲ್ಲ, ಹಿಂದೆ ಸರಿದರು. ಅಷ್ಟು ಅನುಕೂಲ ಇದ್ದವರೂ ಎಡವಿ ಕಲಿತಿದ್ದಾರೆ.

ಆದರೆ ಇದಕ್ಕಾಗಿ ಅಮೆರಿಕಕ್ಕೇ ಹೋಗಬೇಕಾಗಿಲ್ಲ. ನಮ್ಮ ಸರ್ಕಾರಿ ಶಾಲೆಯ 'ನಲಿ-ಕಲಿ' ನೋಡಿ. ನಮ್ಮ ಗಡಿಯಾಚೆ ಮದನಪಲ್ಲಿಯ ಹತ್ತಿರ ರಿಷಿ ವ್ಯಾಲಿ ಇದೆಯಲ್ಲ, ಅಲ್ಲಿನ ಕೆಲಸ ನೋಡಿ ಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಇದನ್ನು ಆರಂಭಿಸಿದರು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಬಂತು. ಅದರಲ್ಲಿ ಮಕ್ಕಳು ಐದು ತಟ್ಟೆಗಳಾಗಿ, ಅಂದರೆ ಐದು ಗುಂಪುಗಳಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕಿಯ ಪೂರ್ತಿ ಸಹಾಯ, ಇನ್ನೊಂದಕ್ಕೆ ಸ್ವಲ್ಪ ಸಹಾಯ, ಎರಡು ಗುಂಪುಗಳಲ್ಲಿ ಗೆಳೆಯರ ಸಹಾಯ, ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲೇ ಗೊತ್ತಾಗುತ್ತದೆ. ಆ ಐದನೇ ತಟ್ಟೆಯಲ್ಲಿ ಕಾರ್ಡಿನ ಬದಲು ಒಂದು ಟ್ಯಾಬ್ಲೆಟ್ ಇಟ್ಟರೆ ಅದೇ ಬೆರೆತ ಕಲಿಕೆ! ಆದರೆ ಗಮನಿಸಿ: ಉಳಿದ ನಾಲ್ಕು ತಟ್ಟೆಗಳನ್ನು ಯಾರೂ ತೆಗೆದುಹಾಕಲಿಲ್ಲ.

ಬಾಲಸಖಿಯ ಲೆಕ್ಕ

ಇದು ಬರಿಯ ನನ್ನ ಅಭಿಪ್ರಾಯ ಅಲ್ಲ. ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ.

ಗುಜರಾತಿನಲ್ಲಿ 'ಜ್ಞಾನ ಶಾಲಾ' ಎಂಬ ಸಂಸ್ಥೆ ಬಡ ಮಕ್ಕಳಿಗಾಗಿ ಶಾಲೆ ನಡೆಸುತ್ತದೆ. ಅಲ್ಲಿ ಕಂಪ್ಯೂಟರ್ ಗಣಿತವನ್ನು ಎರಡು ರೀತಿಯಲ್ಲಿ ನಡೆಸಿ ನೋಡಿದರು. ಕೆಲವು ಕಡೆ ಶಿಕ್ಷಕಿಯ ಪಾಠದ ಹೊತ್ತನ್ನೇ ತೆಗೆದು ಕಂಪ್ಯೂಟರಿಗೆ ಕೊಟ್ಟರು. ಅಲ್ಲಿ ಮಕ್ಕಳು ಇತರ ಮಕ್ಕಳಿಗಿಂತ ಕಡಿಮೆ ಕಲಿತರು. ಇನ್ನು ಕೆಲವು ಕಡೆ ಪಾಠ ಹಾಗೇ ಇಟ್ಟುಕೊಂಡು, ಶಾಲೆಯ ಹೊತ್ತಿನ ಹೊರಗೆ ಕಂಪ್ಯೂಟರ್ ಕೊಟ್ಟರು. ಅಲ್ಲಿ ಕಲಿಕೆ ಏರಿತು, ಹಿಂದುಳಿದ ಮಕ್ಕಳಿಗೇ ಹೆಚ್ಚು ಲಾಭವಾಯಿತು. ಯಂತ್ರ ಅದೇ, ಲೆಕ್ಕ ಅದೇ. ಅಕ್ಕನ ಜಾಗದಲ್ಲಿ ಕೂತರೆ ನಷ್ಟ, ಅಕ್ಕನ ಜೊತೆಗೆ ಕೂತರೆ ಲಾಭ.

ವಡೋದರದಲ್ಲಿ 'ಪ್ರಥಮ್' ಸಂಸ್ಥೆ 2000ದ ದಶಕದ ಆರಂಭದಲ್ಲಿ ಎರಡು ಕೆಲಸ ಮಾಡಿತು. ನಾಲ್ಕನೇ ತರಗತಿ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ, ಇಬ್ಬರಿಗೆ ಒಂದು ಕಂಪ್ಯೂಟರಿನಂತೆ ಗಣಿತದ ಆಟ. ಇನ್ನೊಂದು 'ಬಾಲಸಖಿ'. ಅದೇ ಬಡಾವಣೆಯ, ಶಾಲೆ ಓದಿದ ಹುಡುಗಿಯೊಬ್ಬಳು ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ ಅಕ್ಷರ, ಅಂಕಿ ಕಲಿಸುವುದು. ಎರಡರಿಂದಲೂ ಮಕ್ಕಳು ಮುಂದೆ ಬಂದರು. ಗಣಿತದಲ್ಲಿ ಕಂಪ್ಯೂಟರಿನದು ಹೆಚ್ಚು, ಸುಳ್ಳು ಹೇಳಬಾರದು. ಆದರೆ ಒಂದು ವರ್ಷ ಕಳೆಯುವಷ್ಟರಲ್ಲಿ ಆ ಲಾಭ ಬಹಳಷ್ಟು ಇಳಿದಿತ್ತು. ಇನ್ನು ಖರ್ಚು ನೋಡಿದರೆ, ಒಂದು ಮಗುವಿಗೆ ಕಂಪ್ಯೂಟರಿಗೆ ಆಗುವ ಖರ್ಚಿನಲ್ಲಿ ಬಾಲಸಖಿ ಹಲವು ಮಕ್ಕಳಿಗೆ ಕಲಿಸುತ್ತಿದ್ದಳು. ನಮ್ಮ ದಾನಿಗಳಿಗೆ ಈ ಲೆಕ್ಕವನ್ನೇ ತೋರಿಸಬೇಕು. ನಮ್ಮ ಕಾರ್ಯಕರ್ತೆ ನಮ್ಮ ಬಾಲಸಖಿ.

2015ರಲ್ಲಿ ದೆಹಲಿಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಶಾಲೆ ಬಿಟ್ಟ ಮೇಲೆ ತೊಂಬತ್ತು ನಿಮಿಷ: ಅರ್ಧ ಹೊತ್ತು ಕಂಪ್ಯೂಟರಿನ ಮುಂದೆ, ಅರ್ಧ ಹೊತ್ತು ಚಿಕ್ಕ ಗುಂಪಿನಲ್ಲಿ ಸಹಾಯಕ ಶಿಕ್ಷಕರ ಜೊತೆ. ಅಲ್ಲಿ ತಿಳಿದದ್ದೇನು? ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ಯಂತ್ರ ಆ ಮಗುವಿಗೆ ಆರನೇ ತರಗತಿಯ ಲೆಕ್ಕ ಕೊಡಲಿಲ್ಲ, ಅದು ಎಲ್ಲಿ ನಿಂತಿತ್ತೋ ಅಲ್ಲಿಂದ ಶುರು ಮಾಡಿತು. ನಾಲ್ಕೂವರೆ ತಿಂಗಳಲ್ಲೇ ಮಕ್ಕಳು ಗಣಿತದಲ್ಲಿ ಇತರರಿಗಿಂತ ಎರಡು ಪಟ್ಟು ಮುಂದೆ ಸಾಗಿದರು. ಯಂತ್ರದ ನಿಜವಾದ ಉಪಕಾರ ಇದು. ಮೂವತ್ತು ಮಕ್ಕಳಿಗೆ ಮೂವತ್ತು ಬಗೆಯ ಲೆಕ್ಕ ಕೊಡಲು ಒಬ್ಬ ಅಕ್ಕನಿಗೆ ಕಷ್ಟ, ಅದಕ್ಕೆ ಸುಲಭ. ಅದಕ್ಕೆ ಬೇಸರವೂ ಇಲ್ಲ, ಕೋಪವೂ ಇಲ್ಲ.

ಬರೀ ಯಂತ್ರ ಹಂಚಿದರೆ? ದಕ್ಷಿಣ ಅಮೆರಿಕದ ಪೆರು ದೇಶ ಹಳ್ಳಿ ಶಾಲೆಗಳ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್ ಕೊಟ್ಟಿತು. ಹದಿನೈದು ತಿಂಗಳ ಬಳಿಕ ನೋಡಿದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ನನ್ನದೂ ಒಂದು ತಪ್ಪು

ಬೇರೆಯವರನ್ನು ಹೇಳುವ ಮೊದಲು ನನ್ನನ್ನು ಹೇಳಿಕೊಳ್ಳುತ್ತೇನೆ. ಎಷ್ಟೋ ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ನನ್ನ ಜವಾಬ್ದಾರಿಯ ಕೇಂದ್ರಕ್ಕೆ ನಾಲ್ಕು ಕಂಪ್ಯೂಟರ್ ಬಂದವು. ಪೂಜೆ ಪ್ರಾರ್ಥನೆ, ಫೋಟೋ ಎಲ್ಲ ಆಯಿತು. ಮಕ್ಕಳು ಮುಟ್ಟಿ ಕೆಡಿಸಿಬಿಟ್ಟಾರು ಎಂದು ಬಟ್ಟೆ ಹೊದಿಸಿ ಬೀಗ ಹಾಕಿದೆ. ಕಲಿಸಲು ಯಾರನ್ನೂ ತಯಾರು ಮಾಡಲಿಲ್ಲ, ರಿಪೇರಿಗೆ ಹಣ ಇಡಲಿಲ್ಲ. ಎರಡು ವರ್ಷದ ನಂತರ ಬೀಗ ತೆಗೆದಾಗ ಇಲಿ ವೈರು ಕಡಿದಿತ್ತು. ಕಂಪ್ಯೂಟರ್ ಕೆಡಬಾರದು ಎಂದು ಮಕ್ಕಳನ್ನು ಹೊರಗಿಟ್ಟೆ, ಕೊನೆಗೆ ಕಂಪ್ಯೂಟರೂ ಉಳಿಯಲಿಲ್ಲ. ಆ ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು.

ನಾವು ಏನು ಮಾಡೋಣ?

ನನ್ನ ಸಲಹೆಗಳನ್ನು ಹೇಳುತ್ತೇನೆ. ತಿದ್ದುವುದಿದ್ದರೆ ತಿದ್ದಿ.

1. ಟ್ಯಾಬ್ಲೆಟ್ ಬೇಡ ಎನ್ನುವುದು ಬೇಡ. ಆದರೆ ಅದು ಕೇಂದ್ರದ ಸೊತ್ತು. ಮನೆಗೆ ಕೊಟ್ಟು ಕಳಿಸುವುದಿಲ್ಲ. ಮನೆಗೆ ಹೋದರೆ ಓದೋ ಆಟವೋ ಯಾರು ನೋಡುತ್ತಾರೆ?

2. ಮೊದಲ ವಾರ ಯಂತ್ರ ತೆಗೆಯುವುದೇ ಇಲ್ಲ. ಒಂದೊಂದು ಮಗುವನ್ನೂ ಪಕ್ಕ ಕೂರಿಸಿಕೊಂಡು ನಾಲ್ಕು ಸಾಲು ಓದಿಸಿ, ಒಂದು ಕೂಡು, ಒಂದು ಕಳೆ, ಒಂದು ಭಾಗಾಕಾರ ಮಾಡಿಸಿ. ಯಾವ ಮಗು ಎಲ್ಲಿ ನಿಂತಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಯಾವ ತರಗತಿ ಎಂದು ಕೇಳಬೇಡಿ, ಏನು ಬರುತ್ತದೆ ಎಂದು ಕೇಳಿ.

3. ಮಕ್ಕಳನ್ನು ಮೂರು ಗುಂಪು ಮಾಡಿ. ಒಂದು ಗುಂಪು ಅಕ್ಕನ ಹತ್ತಿರ, ಒಂದು ಗುಂಪು ಪುಸ್ತಕ ಮತ್ತು ಬರವಣಿಗೆ, ಒಂದು ಗುಂಪು ಟ್ಯಾಬ್ಲೆಟ್, ಇಬ್ಬರಿಗೆ ಒಂದು. ಇಪ್ಪತ್ತೈದು ನಿಮಿಷಕ್ಕೆ ಗುಂಪು ಬದಲು.

4. ಪಠ್ಯಪುಸ್ತಕದ 'ದೀಕ್ಷಾ' ಕ್ಯೂಆರ್ ಕೋಡ್ ಬಳಸಿ, ಅದಕ್ಕೆ ದುಡ್ಡಿಲ್ಲ. ಬೇಕಾದ ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಸಂಜೆ ಹೊತ್ತು ನೆಟ್‌ವರ್ಕ್ ನಂಬಿ ಕೂರಬೇಡಿ.

5. ಭಾಷೆಯ ವಿಷಯ. ಕೆ.ಜಿ.ಎಫ್. ಮನೆಗಳಲ್ಲಿ ತಮಿಳು, ಬಂಗಾರಪೇಟೆ ಸುತ್ತಿನ ಹಳ್ಳಿಗಳಲ್ಲಿ ತೆಲುಗು ಹೆಚ್ಚು. ಶಾಲೆಯಲ್ಲಿ ಕನ್ನಡ ಇಲ್ಲವೆ ಇಂಗ್ಲಿಷು. ವಿಡಿಯೋ ಕನ್ನಡದಲ್ಲಿ 'ಭಿನ್ನರಾಶಿ' ಎಂದು ಹೇಳಿ ಮುಂದಕ್ಕೆ ಹೋಗುತ್ತದೆ. ಮಗುವಿನ ಮುಖ ನೋಡಿ, ಅದನ್ನು ನಿಲ್ಲಿಸಿ, ಒಂದು ರೊಟ್ಟಿ ಮುರಿದು ಮನೆಮಾತಿನಲ್ಲಿ ಹೇಳುವುದು ಅಕ್ಕ ಮಾತ್ರ.

6. ದಾನಿಗಳಿಗೆ ನಮ್ಮ ಉತ್ತರ: ಹತ್ತು ಟ್ಯಾಬ್ಲೆಟ್ ಸಾಕು. ಉಳಿದ ಹತ್ತರ ಹಣದಲ್ಲಿ ಕಾರ್ಯಕರ್ತೆಯರ ತರಬೇತಿ, ರಿಪೇರಿ, ಗೌರವಧನ ನಡೆಯಲಿ. ಒಪ್ಪದಿದ್ದರೆ ಯಾವುದೂ ಬೇಡ ಎಂದು ಹೇಳುವ ಧೈರ್ಯ ನಮಗೆ ಇರಬೇಕು.

ಕೊನೆಯ ಮಾತು. 1902ರಲ್ಲಿ ಶಿವನಸಮುದ್ರದ ಕರೆಂಟು ಅಷ್ಟು ದೂರದಿಂದ ತಂತಿಯ ಮೇಲೆ ಮೊದಲು ಬಂದದ್ದು ನಮ್ಮ ಕೆ.ಜಿ.ಎಫ್.ಗೆ. ನಮ್ಮ ಊರಿಗೆ ಅದು ಹೆಮ್ಮೆ. ಆದರೆ ಆ ಕರೆಂಟನ್ನು ತಂದದ್ದು ಗಣಿಯ ಯಂತ್ರಗಳಿಗಾಗಿ, ಕೂಲಿಯವರ ಮಕ್ಕಳು ಓದಲಿ ಎಂದಲ್ಲ. ಊರಿಗೆ ಯಂತ್ರ ಬರುವುದು ಬೇರೆ, ಮನೆಗೆ ಬೆಳಕು ಬರುವುದು ಬೇರೆ. ಗಣಿಯಲ್ಲಿ ದುಡಿದ ಹಿರಿಯರನ್ನು ಕೇಳಿ. ಕೆಳಗೆ ಇಳಿಯುವವನ ಕೈಗೆ ದೀಪ ಕೊಡುತ್ತಿದ್ದರು, ಆದರೆ ದೀಪ ಇದೆಯಲ್ಲ, ಹೊಸಬ ಒಬ್ಬನೇ ಇಳಿಯಲಿ ಎನ್ನುತ್ತಿರಲಿಲ್ಲ. ದಾರಿ ಬಲ್ಲವನೊಬ್ಬ ಜೊತೆಗೆ ಇರಲೇಬೇಕಿತ್ತು. ನಮ್ಮ ಮಕ್ಕಳ ಕೈಗೂ ದೀಪ ಕೊಡೋಣ, ಜೊತೆಗೆ ಅಕ್ಕನನ್ನೂ ಕಳಿಸೋಣ.

ಈಗ ನೀವು ಹೇಳಿ. ಪತ್ರ ಬರೆಯಲು ನಾನು ತಯಾರಿದ್ದೇನೆ. ಅದರ ಕೆಳಗೆ ನನ್ನ ಸಹಿ ಒಂದೇ ಇರಬಾರದು, ನಿಮ್ಮೆಲ್ಲರದೂ ಇರಬೇಕು.