ಊರ ಬೆಟ್ಟಕ್ಕೆ ಊರ ಕಟ್ಟಳೆ



ವಿಶ್ವವಿದ್ಯಾಲಯಗಳ ಸಮಾಜವಿಜ್ಞಾನ ವಿಭಾಗಗಳಿಂದ ಹಳ್ಳಿಗೇನು ಪ್ರಯೋಜನವೆಂದು ಕೇಳುವವರಿದ್ದಾರೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕಿಯಾಗಿದ್ದ ಎಲಿನೋರ್ ಆಸ್ಟ್ರಮ್ ಅವರ ಸಾಧನೆಯೇ ಇದಕ್ಕೆ ಉತ್ತರ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರಕ್ಕೆ ಪಾತ್ರರಾದ ಅವರು ಆ ಗೌರವ ಪಡೆದ ಪ್ರಥಮ ಮಹಿಳೆ.

ಎಲ್ಲರ ಸೊತ್ತು ಹಾಳಾಗಿಯೇ ತೀರುತ್ತದೆ, ಅದನ್ನು ಸರ್ಕಾರಕ್ಕೋ ಖಾಸಗಿಯವರಿಗೋ ಒಪ್ಪಿಸಬೇಕೆಂಬ ವಾದ ಗ್ಯಾರೆಟ್ ಹಾರ್ಡಿನ್ನರ 1968ರ ಲೇಖನದಿಂದ ಬಲಗೊಂಡಿತ್ತು. ಆಸ್ಟ್ರಮ್ 1990ರ ತಮ್ಮ ಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ನಿದರ್ಶನಗಳನ್ನಿತ್ತರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಬೆಟ್ಟದ ಹಳ್ಳಿ ಅವುಗಳಲ್ಲೊಂದು. ಚಳಿಗಾಲದಲ್ಲಿ ಮೇವಿತ್ತು ಸಾಕಬಲ್ಲಷ್ಟೇ ಹಸುಗಳನ್ನು ಸಾಮೂಹಿಕ ಹುಲ್ಲುಗಾವಲಿಗೆ ಬಿಡಬೇಕೆಂಬ ಕಟ್ಟಳೆ ಅಲ್ಲಿ 1517ರಲ್ಲಿಯೇ ಇತ್ತು. ಮೀರಿದವರಿಗೆ ದಂಡ. ಕಟ್ಟಳೆ ಮಾಡಿದವರೂ ಕಾಯ್ದವರೂ ಹಳ್ಳಿಗರೇ.

ನಮ್ಮ ಸೊಪ್ಪಿನಬೆಟ್ಟಗಳಿಗೂ ಈ ಮಾತು ಸಲ್ಲುತ್ತದೆ. ಮರವೊಂದರಿಂದ ಎಷ್ಟು ಸೊಪ್ಪು ಕೊಯ್ಯಬಹುದು, ಈ ವರ್ಷ ಯಾವ ಭಾಗಕ್ಕೆ ವಿಶ್ರಾಂತಿ, ತಪ್ಪಿದರೆ ದಂಡವೆಷ್ಟು ಎಂಬುದನ್ನು ಬಳಸುವವರೇ ಕುಳಿತು ನಿರ್ಧರಿಸಬೇಕು. ಇಲ್ಲವಾದರೆ ಬೆಟ್ಟ ಬೋಳಾಗುತ್ತದೆ. ಅದರ ಸೊಪ್ಪನ್ನೇ ನಂಬಿದ ಅಡಿಕೆ ತೋಟದ ಮಣ್ಣೂ ಸಾರ ಕಳೆದುಕೊಳ್ಳುತ್ತದೆ.

ವಿದ್ಯಾರ್ಥಿಗಳು ಹಿರಿಯರನ್ನು ಕೇಳಿ ಊರಿನ ಹಳೆಯ ಕಟ್ಟಳೆಗಳನ್ನು ಬರೆದಿಡಲಿ. ಮುಂದಿನ ಗ್ರಾಮಸಭೆಯಲ್ಲಿ ಅವುಗಳ ಚರ್ಚೆಯಾಗಲಿ.